ನಮ್ಮ ಎಂ.ಡಿ. ಮೇಡಂ ಮಹಡಿ ಇಳಿದದ್ದು

ಕಂಪನಿಯ ಮುಖ್ಯಸ್ಥರನ್ನು ಅವರ ಡಿಗ್ರಿ ನೋಡಿ ಅಳೆಯುವ ಕೆಟ್ಟ ಚಾಳಿ ನನಗಿತ್ತು. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ನಮ್ಮ ಪುಟ್ಟ ಕಾರ್ಖಾನೆಯ ಯಜಮಾನರು ನಿವೃತ್ತರಾಗಿ, ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ನರ್ಸ್ ಆಗಿದ್ದ ಮಗಳು ಸುಮಿತ್ರಾ ಅವರನ್ನು ಎಂ.ಡಿ. ಮಾಡಿದರು. ಆಡಳಿತ ನೋಡಿಕೊಳ್ಳುವ ನಾನು ಮನೆಗೆ ಹೋಗಿ, "ಇನ್ಮೇಲೆ ಲೇತ್ ಮೆಷಿನ್‌ಗೂ ಜ್ವರ ನೋಡ್ತಾರೆ ಕಣೇ" ಎಂದು ಹೆಂಡತಿಯ ಮುಂದೆ ನಕ್ಕೆ. ಅವಳು ನಗಲಿಲ್ಲ. ನನ್ನ ಹಾಸ್ಯಕ್ಕೆ ಅವಳು ನಗುವುದನ್ನು ಬಿಟ್ಟು ಬಹಳ ಕಾಲವಾಗಿದೆ.

ಆದರೂ ಎಂ.ಡಿ. ಎಂದಮೇಲೆ ಎಂ.ಡಿ. ತಾನೇ? ಮಹಡಿಯ ಮೇಲೆ ಗಾಜಿನ ಕ್ಯಾಬಿನ್ ಮಾಡಿಸಿಕೊಟ್ಟೆ. ಎ.ಸಿ., ಮೆತ್ತನೆಯ ಕುರ್ಚಿ, ಕೆಳಗಿನ ಸದ್ದು ಒಂದಿಷ್ಟೂ ಬಾರದ ದಪ್ಪ ಬಾಗಿಲು. ಸದ್ದು ಬಾರದ ಕಡೆ ಸುದ್ದಿಯೂ ಬಾರದೆಂಬುದು ನನಗೆ ಹೊಳೆಯಲಿಲ್ಲ. ದಿನಾ ಸಂಜೆ, ತಪಾಸಣೆಯವರು ಮಾಲಿನ ಅಳತೆ ಬರೆದುಕೊಡುವ ವರದಿಗೆ ಸಹಿ ಹಾಕಿ, "ಎಲ್ಲಾ ಓಕೆ ಮೇಡಂ" ಎಂದು ಕೊಟ್ಟುಬರುತ್ತಿದ್ದೆ. ಅತ್ತ ನಮ್ಮ ದೊಡ್ಡ ಗಿರಾಕಿ, ಅಳತೆ ತಪ್ಪಿದೆಯೆಂದು ಎರಡು ಸಲ ಮಾಲು ಹಿಂದಕ್ಕೆ ಕಳಿಸಿ, ಮೂರನೆಯ ಸಲವೂ ಹೀಗಾದರೆ ಆರ್ಡರ್ ಬಂದ್ ಎಂದು ಬರೆದುಬಿಟ್ಟರು. ಅದು ಹೋದರೆ ನಾವು ನಲವತ್ತು ಜನರೂ ಬೀದಿಗೆ.

ಅದೇ ವಾರ ಎ.ಸಿ. ಸೋರತೊಡಗಿತು.

"ರಿಪೇರಿ ಆಗೋವರೆಗೂ ನನ್ನ ಟೇಬಲನ್ನ ಕೆಳಗೆ ಮೆಷಿನ್‌ಗಳ ಹತ್ರ ಹಾಕ್ಸಿಬಿಡಿ" ಎಂದರು ಮೇಡಂ.

"ಅಲ್ಲಿ ಎಣ್ಣೆ, ಗಲಾಟೆ ಮೇಡಂ."

"ನೀವು ಜನರಲ್ ವಾರ್ಡ್ ನೋಡಿಲ್ಲ ಅನ್ಸುತ್ತೆ!"

ಕೆಳಗೆ ಕುಳಿತ ಮೊದಲ ದಿನವೇ ಅವರ ಗಮನ ಲೇತ್ ನಡೆಸುವ ಬಾಗಲಕೋಟೆಯ ನಿಂಗಪ್ಪನ ಮೇಲೆ ಬಿತ್ತು. ಆತ ಅಳತೆಯ ಉಪಕರಣವನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದ.

"ಅಂಕಿ ಕಾಣ್ತಿಲ್ವಾ ನಿಂಗಪ್ಪ?"

ಅವನ ಮುಖ ಬಿಳಿಚಿತು. "ವರ್ಷ ಆತ್ರೀ ಮೇಡಂ, ಮಸುಕ ಮಸುಕ ಕಾಣ್ತೈತಿ. ಹೇಳಿದ್ರ ಮನಿಗೆ ಕಳಸ್ತೀರಂತ ಅಂಜಿ, ಅಂದಾಜಿನ ಮ್ಯಾಲ ನಡಸೀನ್ರಿ."

ಬೈಗುಳ ಬೀಳುತ್ತದೆಂದು ನಾನು ಕಾದೆ. ಮೇಡಂ, "ಹೇಳೋಕೆ ಹೆದರೋ ಹಾಗೆ ಇಟ್ಕೊಂಡಿದ್ದು ನಮ್ಮ ತಪ್ಪು" ಎಂದವರು, ಮರುದಿನವೇ ಪರಿಚಯದ ಕಣ್ಣಿನ ಡಾಕ್ಟರನ್ನು ಕರೆಸಿ ಎಲ್ಲರಿಗೂ ಪರೀಕ್ಷೆ ಮಾಡಿಸಿದರು. ಒಂಬತ್ತು ಮಂದಿಗೆ ಕನ್ನಡಕ ಬಂತು. ಮೂರನೆಯ ಸಲ ಮಾಲು ಹಿಂದಿರುಗಲಿಲ್ಲ. ಗಿರಾಕಿಯ ಒಪ್ಪಿಗೆ ಪತ್ರವನ್ನು ನಿಂಗಪ್ಪನೇ ಗಟ್ಟಿಯಾಗಿ ಓದಿದ. ನಮ್ಮೆಲ್ಲರ ಅನ್ನ ಉಳಿಸಿದ ಆ ತಾಯಿಗೆ ನಾನು ನಿಂತಲ್ಲೇ ಕೈಮುಗಿದೆ. ಎ.ಸಿ. ರಿಪೇರಿಯಾದರೂ ಅವರು ಮತ್ತೆ ಮೇಲೆ ಹೋಗಲಿಲ್ಲ.

ಅಂದಹಾಗೆ, ಆ ಒಂಬತ್ತರಲ್ಲಿ ಎಲ್ಲಕ್ಕಿಂತ ದಪ್ಪ ಗಾಜು ನನ್ನದು. ಹಾಕಿಕೊಂಡು ಹಳೆಯ ವರದಿಗಳನ್ನು ತೆರೆದರೆ, ತಪ್ಪಿದ ಅಳತೆಗಳೆಲ್ಲ ಕೆಂಪು ಶಾಯಿಯಲ್ಲಿ ಅಲ್ಲೇ ಇದ್ದವು. ಕೆಳಗೆ ನನ್ನ ಚೆಂದದ ಸಹಿ! ಮೇಡಂ ಬಳಿ ಹೋಗಿ ಒಪ್ಪಿಕೊಂಡೆ. "ಪಾಪ, ಕಣ್ಣು ಕಾಣ್ದೇ ಇದ್ರೆ ನೀವಾದ್ರೂ ಏನ್ಮಾಡ್ತೀರಾ" ಎಂದು ಸಮಾಧಾನ ಹೇಳಿದರು. ಕಣ್ಣು ಚೆನ್ನಾಗಿ ಕಾಣುತ್ತಿದ್ದ ಕಾಲದಲ್ಲೂ ನಾನು ಓದಿ ಸಹಿ ಹಾಕಿದವನಲ್ಲ ಎಂಬುದನ್ನು ಅವರಿಗೆ ಹೇಳಲು ನನಗಿನ್ನೂ ಧೈರ್ಯ ಬಂದಿಲ್ಲ.