ನೀಲವ್ವನ ಮೂತಿಯುಂಗುರ

ಗೋಡೆಗೋಡೆಯ ಮೇಲೂ ಕೈಮುಗಿದ ಭಾವಚಿತ್ರಗಳು ಮೂಡಿ, ಧ್ವನಿವರ್ಧಕಗಳ ಗರ್ಜನೆಗೆ ಊರ ನಾಯಿಗಳು ದಿಕ್ಕೆಟ್ಟು ಓಡುತ್ತಿದ್ದ ಚುನಾವಣಾಪರ್ವದಲ್ಲಿ, ಹಿರೇಬಸರಿಗಿಯೆಂಬ ಕರಿಮಣ್ಣಿನ ಪುರದೊಳಗೆ ಜರುಗಿದ ಸೋದರಸಂಗ್ರಾಮವನ್ನು ಬಣ್ಣಿಸಹೊರಟಿದ್ದೇನೆ. ಉಕ್ಕನ್ನು ಕಾಯುವ ದೇವತೆಗಳೇ, ಕಥೆ ಮುಗಿಯುವ ತನಕ ಈ ನಾಲಗೆಗೂ ತುಕ್ಕು ಹಿಡಿಯದಂತೆ ಕಾಯಿರಿ!

ಆ ಪುರದಲ್ಲಿ ಇಬ್ಬರು ವೀರರಿದ್ದರು. ಅಣ್ಣ ಅಡಿವೆಪ್ಪಗೌಡ, ಮೂವತ್ತೈದು ವರ್ಷ ಚಿತ್ರಕಲೆಯ ಮಾಸ್ತರನಾಗಿ ಮೂರು ತಲೆಮಾರಿನ ಮಕ್ಕಳಿಂದ ಸೊಟ್ಟ ಮಾವಿನಕಾಯಿಗಳನ್ನು ಬರೆಸಿದ ಶುಭ್ರಧೋತರಧಾರಿ, ಸ್ಥೂಲಕಾಚೋಪನೇತ್ರಭೂಷಣ. ತಮ್ಮ ಕಲ್ಲನಗೌಡ, ಹಿಟ್ಟಿನ ಗಿರಣಿಯ ಸಾರ್ವಭೌಮ, ಗೋಧೂಮಪಿಷ್ಟಧವಳಿತಭ್ರೂಯುಗಳ. ಎಂದರೆ, ಹಬ್ಬದ ದಿನವೂ ಹುಬ್ಬಿನ ಹಿಟ್ಟು ತೊಳೆಯದವನು.

ಇವರ ಕುಲಧನವೆಂದರೆ ಒಂದು ಪಿಸ್ತೂಲು. ಬೆಲ್ಜಿಯಂ ದೇಶದಲ್ಲಿ ಜನಿಸಿ, ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ಬಾಯಿಗಿಟ್ಟುಕೊಳ್ಳುವ ಸುಗುಣವುಳ್ಳ ಆ ಪುರಾತನ ಅರೆಸ್ವಯಂಚಾಲಿತವನ್ನು ಇವರ ತಂದೆ ಸೈನ್ಯದಿಂದ ನಿವೃತ್ತನಾಗುವಾಗ ಮೇಲಧಿಕಾರಿಯಿಂದ ಕೊಂಡು, ಪರವಾನಗಿ ಮಾಡಿಸಿ ತಂದಿದ್ದ. ಅದರ ಮೈಬಣ್ಣ ಜೋಳದ ಹೊಲದ ಮೇಲೆ ಕವಿದ ಮುಂಗಾರು ಮೋಡದ ಕಡುನೀಲಿ. ಅದಕ್ಕೇ ಸೋದರರು ಅದನ್ನು ನೀಲವ್ವ ಎಂದು ಕರೆಯುತ್ತಿದ್ದರು. ಅಪ್ಪನ ಕಾಲಾನಂತರ ಪರವಾನಗಿ ಅಣ್ಣನ ಹೆಸರಿಗೆ ಬಂತು. ಪ್ರೀತಿಯಲ್ಲಿ ಮಾತ್ರ ಪಾಲಾಗಿರಲಿಲ್ಲ. ನಲವತ್ತು ವರ್ಷಗಳಿಂದ ಪ್ರತಿ ಸೋಮವಾರ, ಗಿರಣಿಗೆ ರಜೆ ಕೊಟ್ಟು, ತಮ್ಮನು ಅಣ್ಣನ ಮನೆಗೆ ಬಂದು ನೀಲವ್ವನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ.

ಇಂಥವರ ಮೇಲೆ ಸಿಡಿಲು ಬಿತ್ತು. ಪರವಾನಗಿಯ ಆಯುಧಗಳನ್ನೆಲ್ಲ ಚುನಾವಣೆ ಮುಗಿಯುವವರೆಗೆ ಪೊಲೀಸ್ ಠಾಣೆಯಲ್ಲಿ ಇಡತಕ್ಕದ್ದು. ಇಂದು ಸಂಜೆ ಐದೇ ಕೊನೆಯ ಗಡುವು. ತಪ್ಪಿದರೆ ಪರವಾನಗಿ ರದ್ದು!

"ಎರಡು ತಿಂಗಳೇನಣ್ಣಾ? ಕೂಸಿನ್ನ ಗಂಡನ ಮನಿಗಿ ಕಳಿಸಿದಂಗ ಆತಲ್ಲೋ," ಎಂದು ಕಲ್ಲನಗೌಡ ಕಣ್ಣೊರೆಸಿಕೊಂಡ.

"ಕಳಿಸೂದಾದ್ರ ಮೈ ತೊಳದು, ಎಣ್ಣಿ ಹಚ್ಚೇ ಕಳಸೂಣು," ಎಂದ ಅಡಿವೆಪ್ಪಗೌಡ.

ಪಡಸಾಲೆಯಲ್ಲಿ ಹಳೆಯ ಧೋತರ ಹಾಸಿ, ಒಳಗೆ ಗುಂಡಿಲ್ಲವೆಂದು ಮೂರು ಸಲ ಇಣುಕಿ ನೋಡಿ, ನೀಲವ್ವನನ್ನು ಮಲಗಿಸಿದರು. ಆಗ ಅಣ್ಣನು ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಗದೆಯಂತೆ ಎತ್ತಿದ. ತಮ್ಮನು ಕಿಸೆಯಿಂದ ಹೊಲಿಗೆಯಂತ್ರದ ಎಣ್ಣೆಯ ಡಬ್ಬಿಯನ್ನು ಖಡ್ಗದಂತೆ ಸೆಳೆದ. ಯುಗಯುಗಗಳ ವೈರವೊಂದು ಹೆಡೆಯೆತ್ತಿತು.

"ನಮ್ಮಪ್ಪ ಇಕಿಗೆ ಕೊಬ್ಬರಿ ಎಣ್ಣಿ ಬಿಟ್ಟು ಬ್ಯಾರೆ ತೋರಿಸಿಲ್ಲ! ಈ ಮೈಕಾಂತಿ ನೋಡೋ, ನನ್ನ ನಲವತ್ತು ವರ್ಷದ ತಪಸ್ಸಿದು. ಈ ಕೈಗೆ ಸಿಕ್ರ ಇಂದ್ರನ ವಜ್ರಾಯುಧಾನೂ ತುಕ್ಕು ಬಿಡಬೇಕು!"

"ಚಳಿಗೆ ಕೊಬ್ಬರಿ ಎಣ್ಣಿ ಬೆಣ್ಣಿ ಆಗತೈತಿ! ಇಕಿ ಏನ್ ಜಡೀ ಹಾಕ್ಕೊಂಡು ಸಾಲಿಗಿ ಹೋಗಾಕಿ ಏನು? ಹತ್ತು ಕುದುರಿ ಶಕ್ತಿಯ ಗಿರಣಿ ನಲವತ್ತು ವರ್ಷ ನನ್ನ ಮಾತು ಕೇಳೇತಿ. ನಾ ಮುಟ್ಟಿದ ಕಬ್ಬಿಣ ಕಿರ್ ಅಂದಿದ್ದಿಲ್ಲ!"

ಆಗ ಅಡಿವೆಪ್ಪಗೌಡ ಆಡಬಾರದ ಮಾತೊಂದನ್ನು ಬಾಣದಂತೆ ಬಿಟ್ಟ: "ಲೈಸೆನ್ಸ್ ಯಾರ ಹೆಸರಿನ್ಯಾಗ ಐತಿ?"

ಕಲ್ಲನಗೌಡನ ಬಿಳಿಯ ಹುಬ್ಬು ನಡುಗಿತು. "ಹೌದಪಾ. ನಿಂದ. ನಾ ನಲವತ್ತು ವರ್ಷ ಬೀಗರಂಗ ಬಂದು ನೋಡ್ಕೊಂಡು ಹೋಗಾವ," ಎಂದವನೇ ರೋಷದಿಂದ ಹಿಡಿಕೆಗೆ ಕೈಯಿಕ್ಕಿದ. ಅಣ್ಣನು ಮೂತಿಯನ್ನು ಹಿಡಿದ. ಅಲ್ಲಿ, ನಳಿಕೆಯ ಸುತ್ತಲಿನ ಬಲಿಷ್ಠ ಸ್ಪ್ರಿಂಗನ್ನು ಅದುಮಿಟ್ಟಿದ್ದ ಉಕ್ಕಿನ ಉಂಗುರವೊಂದುಂಟು. ಜಗ್ಗಾಟದಲ್ಲಿ ಅದು ತಿರುಗಿತು. ಟಣ್! ಸ್ಪ್ರಿಂಗು ಧೋತರದ ಮೇಲೆ ಬಿತ್ತು. ಉಂಗುರವು ಗಗನಕ್ಕೆ ನೆಗೆದು ಅಂತರ್ಧಾನವಾಯಿತು.

ಆ ಸದ್ದಿಗೆ, ಚಹದ ತಟ್ಟೆ ಹಿಡಿದು ಇಬ್ಬರ ಹಿಂದೆ ಬಂದಿದ್ದ ಅಡಿವೆಪ್ಪಗೌಡನ ಹೆಂಡತಿ ಈರವ್ವ, ತಟ್ಟೆಯನ್ನು ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಏನದು?" ಎಂದಳು.

"ಮೂತಿಯುಂಗುರ ಹಾರಿತು ವೈನೀ! ಅದಿಲ್ಲಂದ್ರ ಇಕಿ ಕೂಡಂಗಿಲ್ಲ. ಹಿಂಗ ಬಿಚ್ಚಿದ್ದು ಒಯ್ದ್ರ ಠಾಣೆದವ್ರು ತಗೋತಾರೋ ಇಲ್ಲೋ!" ಎಂದು ಕಲ್ಲನಗೌಡ ಅತ್ತಿಗೆಗೆ ಮೊರೆಯಿಟ್ಟ.

ಆಮೇಲೆ ನಡೆದ ಶೋಧನಾಯಜ್ಞವನ್ನು ಹೇಗೆ ವರ್ಣಿಸಲಿ! ಮಂಚವು ಮೇರುವಿನಂತೆ ಮಗುಚಿತು. ಜೋಳದ ಚೀಲ ಬರಿದಾಯಿತು. ಕಲ್ಲನಗೌಡ ಬಚ್ಚಲ ಮೋರಿಗೆ ಮೊಣಕೈವರೆಗೆ ಕೈಯಿಳಿಸಿದ. ಮಾಡಿಗೆ ಏಣಿ ಹತ್ತಿದ ಅಡಿವೆಪ್ಪಗೌಡ ಗುಬ್ಬಿಗೂಡನ್ನೂ ಕ್ಷಮೆ ಕೇಳಿಯೇ ನೋಡಿದ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡದೆ, ಬೇಕಾದುದನ್ನೆಲ್ಲ ಈರವ್ವನ ಮೂಲಕವೇ ಹೇಳಿಸಿದರು. ಗಡಿಯಾರ ಮೂರು ಹೊಡೆಯಿತು, ಮೂರೂವರೆಯಾಯಿತು. ಅಣ್ಣನು ಏಣಿಯಿಂದಿಳಿದ. "ಹೋತು. ನನ್ನ ಕೈಯಾಗ ಹೋತು," ಎಂದು ಗೋಡೆಗೊರಗಿದ.

ಆ ಹೊತ್ತಿಗೆ ಈರವ್ವ ಬಗ್ಗಿ ಅಂಬಲಿಯ ಗಡಿಗೆಗಳ ಹಿಂದೆ ನೋಡುತ್ತಿದ್ದಳು. ಸೆರಗು ಜಾರಿತ್ತು. ಕಿಟಕಿಯ ಬಿಸಿಲು ಅವಳ ನೆರೆತ ತುರುಬಿನ ಮೇಲೆ ಬಿದ್ದು, ಅಲ್ಲಿ ನೀಲಕಾಂತಿಯೊಂದು ಮಿನುಗಿತು. ಮೂತಿಯುಂಗುರ! ಇಷ್ಟು ಹೊತ್ತೂ ಅದು ಮನೆಯೆಲ್ಲ ತಿರುಗಿದ್ದು ಅದೇ ತಲೆಯ ಮೇಲೆ!

ಹನ್ನೆರಡು ಊರಿನ ಧೈರ್ಯವಿದ್ದ ವೀರರಿಬ್ಬರೂ ಕಲ್ಲಾದರು. ಅತ್ತಿಗೆಯ ತುರುಬನ್ನು ಮೈದುನ ಮುಟ್ಟುವುದುಂಟೇ? ತಮ್ಮನ ಕಣ್ಣೆದುರು ಗಂಡನಾದರೂ ಮುಟ್ಟುವುದು ಹೇಗೆ?

ಈರವ್ವ ತಿರುಗಿ ನೋಡಿದಳು. "ಏನ್ರೀ ಹಂಗ ನೋಡಾಕತ್ತೀರಿ?"

"ನಿನ್ನ ತುರುಬು..." ಎಂದು ಅಡಿವೆಪ್ಪಗೌಡ ತೊದಲಿದ.

"ಐವತ್ತು ವರ್ಷಕ್ಕ ಇವತ್ತ ಕಾಣ್ತೇನು ನನ್ನ ತುರುಬು?" ಎಂದಳು. ಆದರೂ ಮುಖದಲ್ಲೊಂದು ಕೆಂಪು ಹಾದುಹೋಯಿತು, ಸೆರಗು ಎಳೆದುಕೊಳ್ಳಲಿಲ್ಲ.

ಕಲ್ಲನಗೌಡ ಗೋಡೆಯ ಕಡೆ ತಿರುಗಿ ನಿಂತ. "ನಾ ನೋಡಂಗಿಲ್ಲಣ್ಣಾ. ಲಗೂ ತಗೀ."

ಗಂಡನ ಬೆರಳು ಕೂದಲಿಗೆ ಸೋಕಿತು, ಉಂಗುರ ಕೈಗೆ ಬಂತು. ಈರವ್ವ ಅದನ್ನು ನೋಡಿದಳು, ಅವನನ್ನು ನೋಡಿದಳು. "ಇದಕ್ಕೇನು!" ಎಂದು ಚಹದ ತಟ್ಟೆಯನ್ನು ಎತ್ತಿ ಕುಕ್ಕಿ ಒಳನಡೆದಳು. ಆ ಏಟು ಅಡಿವೆಪ್ಪಗೌಡನಿಗೆ ಬಹುಕಾಲ ನೆನಪಿತ್ತು.

ಉಂಗುರ ಕೂಡಿಸುವ ಮುನ್ನ ಅವನು ಕೊಬ್ಬರಿ ಎಣ್ಣೆಯ ಬಾಟಲಿಗೆ ಬಿರಡೆ ಹಾಕಿ ದೂರ ಸರಿಸಿದ. "ನಿನ್ನ ಎಣ್ಣಿ ಹಚ್ಚೋ ಕಲ್ಲಣ್ಣಾ," ಎಂದ. ತಮ್ಮನು ಡಬ್ಬಿ ತೆಗೆದ. ಮೂರು ಹನಿ ಬಿದ್ದವು, ನೀಲವ್ವ ಒಂದಾದಳು.

ಐದಕ್ಕೆ ಹತ್ತು ನಿಮಿಷವಿರುವಾಗ, ಗಿರಣಿಯ ಸ್ಕೂಟರೆಂಬ ರಥವೇರಿ ವೀರರು ಠಾಣೆಯನ್ನು ಪ್ರವೇಶಿಸಿದರು.

"ದಾಖಲೆದಾಗ ಇಬ್ಬರ ಹೆಸರೂ ಬರಕೋರಿ ಸಾಹೇಬ್ರ," ಎಂದ ಅಡಿವೆಪ್ಪಗೌಡ.

"ಲೈಸೆನ್ಸ್ ಒಬ್ರದ ಐತಲ್ರೀ," ಎಂದ ಹವಾಲ್ದಾರ. ಆದರೂ ಮುದುಕರ ಮುಖ ನೋಡಿ, 'ತಂದುಕೊಟ್ಟವರು: ಕಲ್ಲನಗೌಡ' ಎಂದು ಬರೆದುಕೊಂಡ. ಪಿಸ್ತೂಲನ್ನು ತಿರುವಿ ನೋಡಿದ. "ಭಾರಿ ಥಳಥಳ ಇಟ್ಟೀರಿ! ಗುರಿ ಹೆಂಗ ಐತಿ? ಚಲೋ ಹಾರತೈತಿ?"

ಅಣ್ಣ ತಮ್ಮನನ್ನು ನೋಡಿದ. ತಮ್ಮ ಅಣ್ಣನನ್ನು ನೋಡಿದ.

"ಗೊತ್ತಿಲ್ರೀ," ಎಂದ ಅಡಿವೆಪ್ಪಗೌಡ. "ನಾವು ಒಮ್ಮಿನೂ ಹಾರಿಸಿಲ್ಲ."

ಹವಾಲ್ದಾರ ಪೆನ್ನು ಕೆಳಗಿಟ್ಟ. "ಮತ್ಯಾಕ ಇಟ್ಕೊಂಡೀರಿ?"

ಕಲ್ಲನಗೌಡ ವಿನಯದಿಂದ ಕೈಮುಗಿದ.

"ಒರಸಾಕ್ರೀ."