ಷಡ್ಡಕ ಎಬ್ಬಿಸಿದ ಪ್ರೊಸೆಸರ್‌ಗಳು

ನನ್ನ ಷಡ್ಡಕನ ತಲೆ ನೆಟ್ಟಗಿಲ್ಲ ಎಂದು ಸಾಬೀತು ಮಾಡಲು ನಾನು ಹನ್ನೊಂದು ವರ್ಷದಿಂದ ಹೆಣಗುತ್ತಿದ್ದೇನೆ. ಸಾಕ್ಷಿಗೆ ಕೊರತೆಯಿಲ್ಲ. ಚಿತ್ತಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಈ ಮನುಷ್ಯ ಕೀಬೋರ್ಡ್ ಮುಟ್ಟುವ ಮುಂಚೆ ಚಪ್ಪಲಿ ಬಿಟ್ಟು ಕಾಲು ತೊಳೆಯುತ್ತಾನೆ. ಕಂಪ್ಯೂಟರನ್ನು ಬಹುವಚನದಲ್ಲೇ ಮಾತಾಡಿಸುತ್ತಾನೆ: "ಯಾಕ್ರಿ, ಇವತ್ತ ಆರಾಮ ಇಲ್ಲೇನು?" ಆದರೆ ಶಹಾಬಾದಿನ ಅತ್ತೆಮನೆಯಲ್ಲಿ ನನ್ನ ಸಾಕ್ಷಿ ಕೇಳುವವರು ಯಾರು? "ಹಿರೇ ಅಳಿಯಂದಿರು ಭಾಳ ಶ್ಯಾಣೇರು" ಎಂದು ಅತ್ತೆ ಅವನ ತಟ್ಟೆಗೆ ಎರಡನೇ ಹೋಳಿಗೆ ಹಾಕುತ್ತಾರೆ. ಕಿರಿಯ ಅಳಿಯ ಪಕ್ಕದಲ್ಲೇ ಕೂತಿರುತ್ತಾನೆ, ಒಂದೇ ಹೋಳಿಗೆಯ ಮುಂದೆ.

ನಾನು ಸೇಡಂನ ಆಸ್ಪತ್ರೆಯೊಂದರ ಸರ್ವರ್ ನೋಡಿಕೊಳ್ಳುವವನು. ನಮ್ಮಲ್ಲಿ ಒಂದು ದೊಡ್ಡ ಯಂತ್ರದೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಹಲವು ಲಿನಕ್ಸ್ ಕಂಪ್ಯೂಟರುಗಳಿವೆ. ಅದರಲ್ಲೊಂದಕ್ಕೆ ಚಿಂಚೋಳಿ, ಕುಂಚಾವರಂ ಕಡೆಯ ದವಾಖಾನೆಗಳಿಂದ ಸ್ಕ್ಯಾನುಗಳು ಬರುತ್ತವೆ. ಹೋದ ಬೇಸಿಗೆಯಲ್ಲಿ ಅವು ಅರ್ಧ ಬಂದು ನಿಲ್ಲತೊಡಗಿದವು. ಅಲ್ಲಿ ಕಾಲು ಮುರಿದವರು ಕಾಯುತ್ತಿದ್ದರು, ಇಲ್ಲಿ ಸ್ಕ್ಯಾನ್ ನೋಡುವ ಡಾಕ್ಟರಮ್ಮ ಕಾಯುತ್ತಿದ್ದರು. ಕೇಬಲ್ ಬದಲಿಸಿದೆ. ನೆಟ್‌ವರ್ಕ್ ಸ್ವಿಚ್ ಬದಲಿಸಿದೆ. ನಾಲ್ಕು ಪ್ರೊಸೆಸರ್ ಇದ್ದದ್ದನ್ನು ಎಂಟು ಮಾಡಿದೆ. ಏನೂ ಆಗಲಿಲ್ಲ. ಮೂರನೇ ದಿನ ನನ್ನ ಹೆಂಡತಿ ನನ್ನನ್ನು ಕೇಳದೆಯೇ ಅವನಿಗೆ ಫೋನ್ ಮಾಡಿಬಿಟ್ಟಳು.

ಬಂದ. ಕಾಲು ತೊಳೆದ. ಹತ್ತು ನಿಮಿಷ ಪರದೆ ನೋಡುತ್ತ ಕೂತ.

"ಎಂಟು ಮಂದಿ ಅದಾರ, ಒಬ್ಬನೇ ದುಡೀಲಿಕತ್ತಾನ," ಎಂದ. ನಿಜ, ಒಂದು ಪ್ರೊಸೆಸರ್ ಮಾತ್ರ ಏದುಸಿರು ಬಿಡುತ್ತಿತ್ತು. "ನೆಟ್‌ವರ್ಕ್ ಕಾರ್ಡಿಗೆ ಎಂಟು ಬಾಗಿಲ ಇದ್ಹಂಗ ಎಂಟು ಕ್ಯೂ ಅದಾವ್ರಿ. ನೀವು ಒಂದೇ ತೆರೆದೀರಿ. ಬಂದದ್ದೆಲ್ಲ ಅವನೊಬ್ಬನ ತೆಲಿ ಮ್ಯಾಲೇ ಬೀಳ್ತದ."

ಒಂದೆರಡು ಸಾಲು ಟೈಪ್ ಮಾಡಿದ. ಸ್ಕ್ಯಾನುಗಳು ಸರಸರ ಬಂದವು. ರಿಸ್ಟಾರ್ಟ್ ಮಾಡಿದರೆ ಮತ್ತೆ ಒಂದೇ ಕ್ಯೂಗೆ ಇಳಿಯುತ್ತದೆ ಎಂದು ಹೊಳೆದು ನನಗೆ ಒಳಗೊಳಗೇ ಖುಷಿಯಾಯಿತು. ಮಾಡಿ ನೋಡಿದೆ. ಎಂಟೂ ಹಾಗೇ ಇದ್ದವು.

"ಚಾಲೂ ಆದಾಗೆಲ್ಲ ಎಂಟೂ ತೆರೀಬೇಕಂತ ಅದನ್ನೂ ಬರದಿಟ್ಟೀನ್ರಿ," ಎಂದ.

ಡಾಕ್ಟರಮ್ಮ ಅವನನ್ನು ತಮ್ಮ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಆರು ವರ್ಷದಲ್ಲಿ ನಾನು ಆ ಕೋಣೆಯಲ್ಲಿ ಕೂತಿದ್ದು ಪ್ರಿಂಟರ್ ಸರಿ ಮಾಡಲು ಮೇಜಿನ ಕೆಳಗೆ ಮಾತ್ರ.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ತಡೆಯಲಾಗದೆ ಕೊಂಕಾಡಿದೆ: "ನಿಮಗೇನ್ರಿ, ಕಾಲೇಜಿನಾಗ ದಿನಾ ಇದೇ ಕೆಲಸ."

"ಎಲ್ಲೀದ್ರಿ," ಎಂದ. "ಕಂಪ್ಯೂಟರ್ ಕೋರ್ಸ್ ಬಂದ್ ಆಗಿ ಎರಡು ವರ್ಷ ಆತು. ಲ್ಯಾಬಿನಾಗ ನಾನೊಬ್ಬನೇ. ಮಷೀನ್ ಕೆಡಬಾರದಂತ ಮುಂಜಾನಿ ಚಾಲೂ ಮಾಡ್ತೀನಿ, ಸಂಜೀಕ ಬಂದ್ ಮಾಡ್ತೀನಿ. ಮನ್ಯಾಗ ಹೇಳಿಲ್ಲ." ಬಸ್ ಬರುವ ದಾರಿ ನೋಡುತ್ತ ಅಂದ: "ನಿಮ್ಮನ್ನ ನೋಡಿದ್ರ ಹೊಟ್ಟಿಕಿಚ್ಚು ಆಗ್ತದ್ರಿ. ಮಷೀನ್ ನಿಂತ್ರ ನಿಮ್ಮನ್ನ ಕೇಳೋರು ಅದಾರ."

ಚಿತ್ತಾಪುರದ ಬಸ್ ಬಂತು. ಅವನು ಹತ್ತಿ ಕೂತ ಮೇಲೆ ನಾನು ಕಿಟಕಿಯ ಹತ್ತಿರ ಹೋದೆ.

"ಮುಂದಿನ ವಾರ ಬರ್ರಿ. ಇನ್ನೊಂದು ಸರ್ವರ್ ಭಾಳ ಕಾಡ್ಲಿಕತ್ತದ, ನನ್ನ ಕೈಲಿ ಆಗವಲ್ದು."

"ಏನಾಗ್ಯದ್ರಿ?" ಅವನ ಮುಖ ಅರಳಿತು.

"ಬಂದು ನೋಡ್ರಿ," ಎಂದೆ.

ಆಸ್ಪತ್ರೆಗೆ ಮರಳಿ, ಯಾರಿಗೂ ತೊಂದರೆಯಾಗದ ಹಾಗೆ ಯಾವುದನ್ನು ಕೆಡಿಸಲಿ ಎಂದು ಹುಡುಕುತ್ತ ಕೂತೆ.