ಕತ್ತರಿ ಬಿದ್ದ ದೃಶ್ಯ

ಗೂಢಚಾರರ ಸಿನಿಮಾವೊಂದರಲ್ಲಿ ತಾನು ನಟಿಸಿದ್ದೇನೆಂದು ಗ್ರಂಥಾಲಯದ ಗುಮಾಸ್ತ ಹೋದ ವರ್ಷ ಹೇಳಿಕೊಂಡದ್ದೇ ತಪ್ಪಾಯಿತು. ಇಡೀ ಕಟ್ಟಡದವರು ಚಿತ್ರಮಂದಿರಕ್ಕೆ ಹೋಗಿ ಕಣ್ಣರಳಿಸಿ ಹುಡುಕಿದರೂ ಅವನ ನೆರಳೂ ಕಾಣಲಿಲ್ಲ. ಆ ದೃಶ್ಯಕ್ಕೆ ಕತ್ತರಿ ಬಿದ್ದಿತ್ತು. ಅಂದಿನಿಂದ ಎಲ್ಲರ ಬಾಯಲ್ಲೂ ಅವನು ‘ಬುರುಡೆ ಹೀರೋ’. ಮನೆಯಲ್ಲೇ ಇದ್ದ ಅವನ ಅತ್ತೆಯಂತೂ, ಅಳಿಯ ಹೊರಗೆ ಬಿಸಿಲಿದೆ ಅಂದರೂ ಕಿಟಕಿ ತೆರೆದು ನೋಡುತ್ತಿದ್ದರು.

ಹೀಗಿರುವಾಗ ಆ ಸಿನಿಮಾದ ಡಿವಿಡಿ ಬಂದಿದೆ, ಅದರಲ್ಲಿ ಕತ್ತರಿಸಿದ ದೃಶ್ಯಗಳೂ ಇವೆ ಎಂದು ತಿಳಿದು ಅವನಿಗೆ ಹೋದ ಜೀವ ಬಂದಂತಾಯಿತು. ರಜೆಯ ದಿನ ಬೆಳಿಗ್ಗೆಯೇ ಅದನ್ನು ಕೊಂಡು ತಂದ. ಸಂಜೆ ಎಲ್ಲರೂ ಬರಲೇಬೇಕೆಂದು ಮನೆಮನೆಗೂ ಹೇಳಿ ಬಂದ. ಬಂದು ನೋಡಿದರೆ ಟಿವಿ ಕೆಟ್ಟು ಕೂತಿತ್ತು.

ಕೆಳಮನೆಯ ದರ್ಜಿ ತನ್ನದನ್ನು ಕೊಡಲು ಒಪ್ಪಿದ. ಅದು ಹಳೆಯ ಕಾಲದ್ದು, ಆನೆಮರಿಯಷ್ಟು ತೂಕ. ಗುಮಾಸ್ತ ಸೊಂಟದ ಮೇಲೆ ಕೈಯಿಟ್ಟು ಮುಖ ಕಿವುಚಿದ. ಐದು ವರ್ಷದಿಂದ ಅವನ ಸೊಂಟ ಹಿಡಿದಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪಾಪ, ಗ್ಯಾಸ್ ಸಿಲಿಂಡರನ್ನೂ ಹೆಂಡತಿಯೇ ಹೊತ್ತು ತರುತ್ತಿದ್ದಳು. ದರ್ಜಿಯೂ ಎದುರುಮನೆಯ ನಿವೃತ್ತ ಮೇಷ್ಟ್ರೂ ಏದುಸಿರು ಬಿಡುತ್ತ ಟಿವಿಯನ್ನು ಮೂರನೇ ಮಹಡಿಗೆ ಏರಿಸಿದರು. ಗುಮಾಸ್ತ ಮುಂದೆ ನಡೆಯುತ್ತ, ಮೆಟ್ಟಿಲು ಜೋಪಾನ ಎಂದು ಎಚ್ಚರಿಸುತ್ತಿದ್ದ.

ಸಂಜೆ ಕೋಣೆ ಕಿಕ್ಕಿರಿಯಿತು. ಇಡೀ ಸಿನಿಮಾ ಹಾಕಲೇಬೇಕೆಂದು ಮಕ್ಕಳು ಹಟ ಹಿಡಿದರು. ಅದು ಮುಗಿದರೆ ನಿರ್ದೇಶಕರ ಸಂದರ್ಶನ, ಅದಾದ ಮೇಲೆ ವಿಷದ ಪೆನ್ನು ತಯಾರಿಸಿದವನ ಸಂದರ್ಶನ. ಮೇಷ್ಟ್ರು ಆಕಳಿಸತೊಡಗಿದರು.

ಕೊನೆಗೂ ಬಂತು. ರೈಲು ನಿಲ್ದಾಣದಲ್ಲಿ ನಾಯಕ ಓಡುತ್ತಿದ್ದಾನೆ, ಹಿಂದಿನ ಬೆಂಚಿನ ಮೇಲೆ ಪತ್ರಿಕೆ ಹಿಡಿದು ಕೂತವನು ನಮ್ಮ ಗುಮಾಸ್ತನೇ. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಂಡತಿಯ ಕಣ್ಣು ತುಂಬಿ ಬಂತು.

“ನಿಮ್ಮ ಮಾತು ನಂಬಬೇಕಿತ್ತು ಅಳಿಯಂದ್ರೇ, ತಪ್ಪು ನನ್ನದೇ,” ಎಂದರು ಅತ್ತೆ.

ಅವನು ಎದ್ದು ನಿಂತು ಎಲ್ಲರಿಗೂ ಕೈಮುಗಿದ. ಅಷ್ಟರಲ್ಲಿ ಡಿವಿಡಿ ತನ್ನ ಪಾಡಿಗೆ ಮುಂದಿನ ಭಾಗಕ್ಕೆ ಹೋಯಿತು. ‘ತೆರೆಯ ಹಿಂದೆ’ ಎಂದು ಅಕ್ಷರ ಮೂಡಿತು. ಅದೇ ನಿಲ್ದಾಣದಲ್ಲಿ, ಕ್ಯಾಮೆರಾದ ಭಾರಿ ಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು, ಶಿಳ್ಳೆ ಹಾಕುತ್ತ ಗುಮಾಸ್ತ ಮೆಟ್ಟಿಲು ಹತ್ತುತ್ತಿದ್ದ. ಇಳಿದು ಬಂದು ಇನ್ನೊಂದು ಪೆಟ್ಟಿಗೆ ಹೊತ್ತ.

“ಇವರು ಪೇಪರ್ ಓದೋ ಪಾತ್ರಕ್ಕೆ ಬಂದವರು,” ಎಂದು ನಿರ್ದೇಶಕರು ನಗುತ್ತಿದ್ದರು. “ಬೇಡ ಅಂದ್ರೂ ಕೇಳದೆ ಸಾಮಾನೆಲ್ಲ ಒಬ್ಬರೇ ಸಾಗಿಸಿಬಿಟ್ರು. ಸೊಂಟ ಅಂದ್ರೆ ಇವರದು, ಕಬ್ಬಿಣ.”

ಗುಮಾಸ್ತ ರಿಮೋಟ್‌ಗಾಗಿ ತಡಕಾಡಿದ. ಅದು ಅತ್ತೆಯ ಕೈಯಲ್ಲಿತ್ತು. ಅವರು ಆ ಭಾಗವನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದರು. ದರ್ಜಿ ತನ್ನ ಭುಜ ತಿಕ್ಕಿಕೊಳ್ಳುತ್ತಿದ್ದ.

“ನೀನು ನಟ ಅನ್ನೋದರಲ್ಲಿ ಇನ್ನು ಸಂಶಯ ಇಲ್ಲ ಕಣಯ್ಯಾ,” ಎಂದರು ಮೇಷ್ಟ್ರು. “ಐದು ವರ್ಷ ನಮಗ್ಯಾರಿಗೂ ಗೊತ್ತಾಗಲಿಲ್ಲ.”

ಹೆಂಡತಿ ಅಡುಗೆಮನೆಗೆ ಹೋದಳು. ಖಾಲಿ ಸಿಲಿಂಡರನ್ನು ಉರುಳಿಸಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದಳು.

“ಮೊದಲು ಟಿವಿ ಕೆಳಗಿಳಿಸಿ ಬನ್ನಿ,” ಎಂದಳು. “ಆಮೇಲೆ ಇದು.”